ಕಾಲುವೆ ನೀರಿನಲ್ಲಿ ಕೂಡುವ ಬೇವಿನೆಣ್ಣೆ ಕೊಳವೆಬಾವಿ ನೀರಿನಲ್ಲಿ ಏಕೆ ಒಡೆಯುತ್ತದೆ?

ಮಾನ್ವಿ ಕೊನೆಭಾಗದ ರೈತ:
ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಮ್ಮ ಹೊಲ ಇದೆ. ಹತ್ತಿ, ಮೆಣಸಿನಕಾಯಿ ಬೆಳೆಯುತ್ತೇವೆ. ಬಿಳಿ ನೊಣಕ್ಕೆ ಬೇವಿನೆಣ್ಣೆ ಸಿಂಪಡಿಸುವುದು ರೂಢಿ: ಲೀಟರ್ ನೀರಿಗೆ 5 ಮಿಲಿ ಎಣ್ಣೆ, ತುರಿದ ಬಟ್ಟೆ ಸೋಪು 1 ಗ್ರಾಂ. ಕಾಲುವೆಯಲ್ಲಿ ನೀರಿದ್ದಾಗ ಹಾಲಿನ ಬಣ್ಣ ಬಂದು ಚೆನ್ನಾಗಿ ಕೂಡುತ್ತದೆ. ಕಾಲುವೆ ನಿಂತ ಮೇಲೆ ಕೊಳವೆಬಾವಿ ನೀರು ಹಾಕಿದರೆ ಕಥೆಯೇ ಬೇರೆ. ಬಿಳಿ ಚೂರುಗಳು ತೇಲುತ್ತವೆ, ಎಣ್ಣೆ ಜಿಡ್ಡಾಗಿ ಪಂಪಿನ ಒಳಗೋಡೆಗೆ ಹತ್ತಿಕೊಳ್ಳುತ್ತದೆ, ನಾಜಲ್ ಕಟ್ಟುತ್ತದೆ. ಒಂದು ಸಾಲಿನಲ್ಲಿ ಬರೀ ನೀರು ಬೀಳುತ್ತದೆ, ಇನ್ನೊಂದು ಸಾಲಿನಲ್ಲಿ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಎಣ್ಣೆಯೂ ಅದೇ, ಸೋಪೂ ಅದೇ. ಇದಕ್ಕೆ ಕಾರಣವೇನು, ಪರಿಹಾರವೇನು? ದಯವಿಟ್ಟು ತಿಳಿದವರು ಹೇಳಿ.

ಸಿಂಧನೂರು ಗೊಬ್ಬರದಂಗಡಿ:
ಸೋಪು ಸಾಲುತ್ತಿಲ್ಲ ಅಣ್ಣ, ಬೇರೇನೂ ಅಲ್ಲ. ಲೀಟರಿಗೆ 4 ಗ್ರಾಂ ಹಾಕಿ ನೋಡಿ.

ದೇವದುರ್ಗದಿಂದ:
ನಮ್ಮಲ್ಲೂ ಇದೇ ಗೋಳು. ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಬಳ್ಳಾರಿ ರಸಾಯನ ಉಪನ್ಯಾಸಕ:
ಸೋಪು ಹೆಚ್ಚಿಸುವ ಮೊದಲು ಒಳಗೆ ಏನು ನಡೆಯುತ್ತಿದೆ ಎಂದು ನೋಡೋಣ. ಎಣ್ಣೆ ಮತ್ತು ನೀರು ತಾವಾಗಿ ಬೆರೆಯುವುದಿಲ್ಲ. ಕಲಕಿದಾಗ ಎಣ್ಣೆ ಹನಿಗಳಾಗಿ ಒಡೆಯುತ್ತದೆ, ಆದರೆ ಹನಿಗಳು ಚಿಕ್ಕದಾದಷ್ಟೂ ಎಣ್ಣೆ–ನೀರಿನ ನಡುವಿನ ಗಡಿಯ ವಿಸ್ತೀರ್ಣ ಹೆಚ್ಚುತ್ತದೆ, ಆ ಗಡಿಯನ್ನು ಉಳಿಸಿಕೊಳ್ಳಲು ಶಕ್ತಿ ಬೇಕು. ಆದ್ದರಿಂದ ಹನಿಗಳು ಡಿಕ್ಕಿ ಹೊಡೆದಾಗಲೆಲ್ಲ ಒಂದಾಗಿ ದೊಡ್ಡದಾಗುತ್ತವೆ. ಸೋಪಿನ ಅಣುವಿಗೆ ಎರಡು ತುದಿ. ಉದ್ದನೆಯ ಬಾಲ ಎಣ್ಣೆಗೆ ಒಲಿಯುತ್ತದೆ, ಋಣ ವಿದ್ಯುದಂಶವಿರುವ ತಲೆ ನೀರಿಗೆ ಒಲಿಯುತ್ತದೆ. ಹಾಗಾಗಿ ಆ ಅಣು ನೀರಿನ ನಡುವೆಯಾಗಲಿ ಎಣ್ಣೆಯ ನಡುವೆಯಾಗಲಿ ನಿಲ್ಲದೆ ಗಡಿಯಲ್ಲೇ ಬಂದು ನೆಲೆಸುತ್ತದೆ. ಗಡಿಯ ಎಳೆತ ಇಳಿಯುತ್ತದೆ, ಸಣ್ಣ ಹನಿ ಮಾಡುವುದು ಸುಲಭವಾಗುತ್ತದೆ. ಇದು ಅರ್ಧ ಕೆಲಸ ಮಾತ್ರ. ಉಳಿದರ್ಧ ಇನ್ನೂ ಮುಖ್ಯ: ಪ್ರತಿ ಹನಿಯ ಹೊರಮೈಯಲ್ಲೂ ಋಣ ವಿದ್ಯುದಂಶದ ತಲೆಗಳು ನಿಂತಿರುವುದರಿಂದ ಹನಿಗಳು ಒಂದನ್ನೊಂದು ತಳ್ಳುತ್ತವೆ, ಹತ್ತಿರ ಬಂದರೂ ಕೂಡಿಕೊಳ್ಳುವುದಿಲ್ಲ.

ಈಗ ನಿಮ್ಮ ಕೊಳವೆಬಾವಿಗೆ ಬನ್ನಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಒಂದು ಕ್ಯಾಲ್ಸಿಯಂ ಅಯಾನು ಸೋಪಿನ ಎರಡು ಅಣುಗಳನ್ನು ಹಿಡಿದು ನೀರಿನಲ್ಲಿ ಕರಗದ ವಸ್ತುವನ್ನಾಗಿ ಮಾಡುತ್ತದೆ. ನೀವು ಕಂಡ ಬಿಳಿ ಚೂರು ಅದೇ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ (ಅಂದರೆ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣಕ್ಕೆ) ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. 600 ಇರುವ ನೀರು ಲೀಟರಿಗೆ ಸುಮಾರು 3.6 ಗ್ರಾಂ ಸೋಪನ್ನು ನುಂಗಿಬಿಡುತ್ತದೆ. 200 ಇದ್ದರೂ 1.2 ಗ್ರಾಂ. ನೀವು ಹಾಕುತ್ತಿರುವುದು 1 ಗ್ರಾಂ. ಹನಿಯ ಮೈಗೆ ಹೋಗಲು ಸೋಪೇ ಉಳಿಯುವುದಿಲ್ಲ.

ಸಿಂಧನೂರು ಗೊಬ್ಬರದಂಗಡಿ:
ಸರ್, ನಿಮ್ಮ ಲೆಕ್ಕವೇ ನನ್ನ ಮಾತನ್ನು ಸಮರ್ಥಿಸುತ್ತದೆ. 3.6 ನುಂಗಿದರೆ 4 ಗ್ರಾಂ ಹಾಕಿದಾಗ 0.4 ಉಳಿಯಿತಲ್ಲ? ತಪ್ಪು ಎಲ್ಲಿದೆ?

ಬಳ್ಳಾರಿ ರಸಾಯನ ಉಪನ್ಯಾಸಕ:
ಕೂಡುವ ಕಳೆಯುವ ಲೆಕ್ಕ ಸರಿ ಇದೆ. ಆದರೆ ನುಂಗಿದ 3.6 ಗ್ರಾಂ ಎಲ್ಲಿಗೂ ಹೋಗುವುದಿಲ್ಲ, ಪಂಪಿನಲ್ಲೇ ಇರುತ್ತದೆ. 15 ಲೀಟರ್ ಪಂಪಿಗೆ 50 ಗ್ರಾಂಗಿಂತ ಹೆಚ್ಚು ಜಿಡ್ಡು ಬೀಳುತ್ತದೆ. ಇನ್ನೂ ಒಂದು ಕೆಟ್ಟ ಗುಣ ಅದಕ್ಕಿದೆ. ಕ್ಯಾಲ್ಸಿಯಂ ಸೋಪು ನೀರಿಗಿಂತ ಎಣ್ಣೆಗೆ ಹೆಚ್ಚು ಒಲಿಯುವಂಥದ್ದು. ಬ್ಯಾಂಕ್ರಾಫ್ಟ್ ಎಂಬ ವಿಜ್ಞಾನಿ ಹೇಳಿದ ನಿಯಮ ಇಲ್ಲಿ ನೆನಪಿಡಬೇಕು: ಎಮಲ್ಸಿಫೈಯರ್ (ಎಣ್ಣೆ–ನೀರನ್ನು ಕೂಡಿಸಿ ನಿಲ್ಲಿಸುವ ಸೋಪಿನಂಥ ವಸ್ತು) ಯಾವುದರಲ್ಲಿ ಹೆಚ್ಚು ಕರಗುತ್ತದೆಯೋ ಅದು ಹೊರಗಿನ ದ್ರವವಾಗುತ್ತದೆ, ಇನ್ನೊಂದು ಹನಿಯಾಗುತ್ತದೆ. ಸೋಡಿಯಂ ಸೋಪು ನೀರಿನಲ್ಲಿ ಎಣ್ಣೆಹನಿಗಳನ್ನು ನಿಲ್ಲಿಸುತ್ತದೆ, ಕ್ಯಾಲ್ಸಿಯಂ ಸೋಪು ಅದಕ್ಕೆ ತದ್ವಿರುದ್ಧವಾಗಿ ಎಣ್ಣೆಯಲ್ಲಿ ನೀರಿನ ಹನಿಗಳನ್ನು ನಿಲ್ಲಿಸುತ್ತದೆ. ಪಂಪಿನ ಗೋಡೆಗೆ ಹತ್ತಿದ ಜಿಡ್ಡು ಬೆಣ್ಣೆಯ ಹದದಲ್ಲಿರುವುದು ಇದೇ ಕಾರಣಕ್ಕೆ. ಅಂದರೆ ಹೆಚ್ಚು ಸೋಪು ಹಾಕಿದಷ್ಟೂ ನಾಜಲ್ ಕಟ್ಟಿಸುವ ವಸ್ತುವನ್ನೇ ನಾವು ತಯಾರಿಸುತ್ತೇವೆ.

ಲಿಂಗಸುಗೂರು ವಿಜ್ಞಾನ ಶಿಕ್ಷಕಿ:
ಬೆಣ್ಣೆ ಎಂದಿರಿ, ಅದು ಬರೀ ಹೋಲಿಕೆಯಲ್ಲ ಸರ್. ಕೆನೆಯಲ್ಲಿ ಕೊಬ್ಬು ನೀರಿನೊಳಗಿನ ಹನಿ. ಕಡಗೋಲಿನಿಂದ ಕಡೆದಾಗ ಕೊಬ್ಬಿನ ಹನಿಗಳ ಸುತ್ತಲಿನ ಪೊರೆ ಹರಿದು, ಕೊಬ್ಬು ಒಂದಾಗಿ, ನೀರೇ ಹನಿಯಾಗಿ ಒಳಗೆ ಸಿಕ್ಕಿಕೊಳ್ಳುತ್ತದೆ. ಒಳಗಿದ್ದದ್ದು ಹೊರಗಾಯಿತು, ಹೊರಗಿದ್ದದ್ದು ಒಳಗಾಯಿತು. ಪಂಪಿನಲ್ಲಿ ನಡೆಯುವುದೂ ಅದೇ ಜಾತಿಯ ತಿರುವು.

ದೇವದುರ್ಗದಿಂದ:
ಹಾಗಾದರೆ ಬಟ್ಟೆ ತೊಳೆಯುವ ಡಿಟರ್ಜೆಂಟ್ ಪುಡಿ ಹಾಕಬಹುದೇ? ಗಡಸು ನೀರಿನಲ್ಲೂ ಅದು ನೊರೆ ಕೊಡುತ್ತದೆಯಲ್ಲ.

ರಾಯಚೂರು ಕೃಷಿ ವಿದ್ಯಾರ್ಥಿ:
ದಯವಿಟ್ಟು ಬೇಡ ಅಣ್ಣ. ನೊರೆ ಬರುತ್ತದೆ, ಎಣ್ಣೆಯೂ ಕೂಡಬಹುದು, ಆದರೆ ಆ ಪುಡಿಯಲ್ಲಿ ವಾಷಿಂಗ್ ಸೋಡಾ ಬಹಳ ಇರುತ್ತದೆ. ಬೇವಿನಲ್ಲಿ ಕೀಟದ ಬೆಳವಣಿಗೆ ತಡೆಯುವ ಅಜಾಡಿರಾಕ್ಟಿನ್ ಸ್ವಲ್ಪ ಹುಳಿ ನೀರಿನಲ್ಲಿ, ಪಿಎಚ್ 4ರಿಂದ 6ರ ನಡುವೆ, ಹೆಚ್ಚು ಕಾಲ ಉಳಿಯುತ್ತದೆ. ಕ್ಷಾರದ ನೀರಿನಲ್ಲಿ ಬೇಗ ಹಾಳಾಗುತ್ತದೆ, ಬಿಸಿಲಿಗೂ ಹಾಳಾಗುತ್ತದೆ. ಎಣ್ಣೆ ಚೆನ್ನಾಗಿ ಕೂಡಿತು, ಔಷಧಿ ಮಾತ್ರ ಸತ್ತುಹೋಯಿತು ಎಂದಾದರೆ ಏನು ಲಾಭ? ಮೇಲಾಗಿ ಗಟ್ಟಿ ಡಿಟರ್ಜೆಂಟ್ ಎಲೆಯ ಮೇಲಿನ ಮೇಣವನ್ನು ತೆಗೆಯುತ್ತದೆ, ಎಲೆ ಸುಡುತ್ತದೆ.

ಸಿರವಾರ ಯುವಕ:
ಹುಳಿ ನೀರು ಒಳ್ಳೆಯದಾದರೆ ಪಂಪಿಗೆ ಎರಡು ನಿಂಬೆಹಣ್ಣು ಹಿಂಡಿಬಿಡೋಣ!

ಬಳ್ಳಾರಿ ರಸಾಯನ ಉಪನ್ಯಾಸಕ:
ಸೋಪು ಹಾಕಿದ ಪಂಪಿಗೆ ಖಂಡಿತ ಬೇಡ. ಹುಳಿ ಬಿದ್ದ ಕೂಡಲೇ ಸೋಪಿನ ತಲೆಯ ವಿದ್ಯುದಂಶ ಹೋಗಿ ಅದು ಬರೀ ಕೊಬ್ಬಿನಾಮ್ಲವಾಗುತ್ತದೆ, ಎಣ್ಣೆ ಅಲ್ಲೇ ಬೇರೆಯಾಗುತ್ತದೆ. ಸೋಪಿಗೆ ಹುಳಿಯೂ ಆಗದು, ಗಡಸೂ ಆಗದು. ವಿದ್ಯುದಂಶವಿಲ್ಲದ ಸರ್ಫ್ಯಾಕ್ಟೆಂಟ್ (ಸೋಪಿನಂತೆ ಗಡಿಯಲ್ಲಿ ನಿಂತು ಎಳೆತ ಇಳಿಸುವ ವಸ್ತು) ಬಳಸಿದರೆ ಈ ಎರಡೂ ತೊಂದರೆ ಇಲ್ಲ. ಕೀಟನಾಶಕ ತಯಾರಿಕೆಯಲ್ಲಿ ಔಡಲ ಎಣ್ಣೆಯಿಂದ ಮಾಡಿದ ಎಥಾಕ್ಸಿಲೇಟ್‌ಗಳನ್ನು ಬಳಸುವುದು ಹಳೆಯ ಪದ್ಧತಿ. ಅವುಗಳ ತಲೆ ಉದ್ದನೆಯ, ನೀರಿಗೆ ಒಲಿಯುವ ಸರಪಳಿ. ಎರಡು ಹನಿಗಳು ಹತ್ತಿರ ಬಂದಾಗ ಈ ಸರಪಳಿಗಳು ಒಂದರೊಳಗೊಂದು ನುಗ್ಗಲು ಜಾಗವಿಲ್ಲದೆ ತಡೆಯುತ್ತವೆ. ವಿದ್ಯುದಂಶದ ಕೆಲಸವೇ ಇಲ್ಲದ ಕಾರಣ ಕ್ಯಾಲ್ಸಿಯಂ ಬಂದು ಕೆಡಿಸುವಂಥದ್ದೂ ಹೆಚ್ಚಿಲ್ಲ.

ಸಿಂಧನೂರು ಗೊಬ್ಬರದಂಗಡಿ:
ಇದನ್ನು ಒಪ್ಪುತ್ತೇನೆ. ಎಮಲ್ಸಿಫೈಯರ್ ಬೆರೆಸಿಯೇ ಬರುವ ಬೇವಿನೆಣ್ಣೆ ಬೇರೆ, ಗಾಣದ ಬರೀ ಎಣ್ಣೆ ಬೇರೆ. ಗ್ರಾಹಕರು ಬೆಲೆ ನೋಡಿ ಬರೀ ಎಣ್ಣೆ ಒಯ್ಯುತ್ತಾರೆ, ಆಮೇಲೆ ಕೂಡಲಿಲ್ಲ ಎಂದು ನಮ್ಮ ಮೇಲೆ ಬರುತ್ತಾರೆ.

ಮಾನ್ವಿ ಕೊನೆಭಾಗದ ರೈತ:
ಬೆಲೆ ನೋಡದೆ ಏನು ಮಾಡೋಣ? ಕೊನೆಭಾಗಕ್ಕೆ ನೀರೇ ಸರಿಯಾಗಿ ಬರುವುದಿಲ್ಲ, ಹತ್ತಿಯ ದರ ನಮ್ಮ ಕೈಯಲ್ಲಿಲ್ಲ. ಮನೆಯಲ್ಲೇ ಆಗುವ ದಾರಿ ಇದ್ದರೆ ಹೇಳಿ.

ಕುಷ್ಟಗಿ ಅಕ್ಕ:
ಅಂಟುವಾಳ ಇದೆಯಲ್ಲ ತಮ್ಮ. ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ. ನಮ್ಮೂರಿನ ಸವಳು ನೀರಿನಲ್ಲೂ ಅದು ನೊರೆ ಕೊಡುತ್ತದೆ, ಸೋಪಿನಂತೆ ಚೂರು ಕಟ್ಟುವುದಿಲ್ಲ. ರೇಷ್ಮೆ ಸೀರೆ, ಚಿನ್ನ ತೊಳೆಯಲು ನಮ್ಮ ಅತ್ತೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಬೇವಿನ ಬೀಜದ ಕಷಾಯಕ್ಕೆ ನಾನು ಇದನ್ನೇ ಬೆರೆಸುತ್ತೇನೆ.

ರಾಯಚೂರು ಕೃಷಿ ವಿದ್ಯಾರ್ಥಿ:
ಅಕ್ಕ ಹೇಳಿದ್ದು ಸರಿ. ಅಂಟುವಾಳದಲ್ಲಿರುವುದು ಸಪೋನಿನ್. ಸಕ್ಕರೆಯ ಕೊಂಡಿಗಳು ನೀರಿನ ಕಡೆಯ ತಲೆ, ಉಳಿದ ಭಾಗ ಎಣ್ಣೆಯ ಕಡೆ. ಆದರೆ ಒಂದು ಎಚ್ಚರಿಕೆ: ಸಪೋನಿನ್ ಮೀನಿಗೆ ವಿಷ. ಕಾಲುವೆಯಲ್ಲಿ, ಕೆರೆಯಲ್ಲಿ ಪಂಪು ತೊಳೆಯಬೇಡಿ.

ಕುಷ್ಟಗಿ ಅಕ್ಕ:
ಅದು ನಮಗೂ ಗೊತ್ತು ತಮ್ಮ. ಅಂಟುವಾಳ ಇರಲಿ, ಬೇರೆ ಎಣ್ಣೆ ಇರಲಿ, ಪಂಪನ್ನು ಕೆರೆಯಲ್ಲಿ ತೊಳೆಯುವವರಿಗೆ ಮೊದಲು ಬುದ್ಧಿ ಹೇಳಿ.

ಶಕ್ತಿನಗರ ಎಂಜಿನಿಯರ್:
ಎಲ್ಲರೂ ಏನು ಬೆರೆಸಬೇಕು ಎಂದೇ ಹೇಳುತ್ತಿದ್ದೀರಿ, ಹೇಗೆ ಬೆರೆಸಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಹನಿಯ ಗಾತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಎಣ್ಣೆ ನೀರಿಗಿಂತ ಹಗುರ, ಮೇಲೇಳುತ್ತದೆ. ಮೇಲೇಳುವ ವೇಗ ಹನಿಯ ವ್ಯಾಸದ ವರ್ಗದೊಂದಿಗೆ ಏರುತ್ತದೆ. ಬೇವಿನೆಣ್ಣೆಯ ಸಾಂದ್ರತೆ ನೀರಿಗಿಂತ ಶೇ 8ರಷ್ಟು ಕಡಿಮೆ ಎಂದಿಟ್ಟುಕೊಂಡು ಸ್ಟೋಕ್ಸ್ ಸೂತ್ರದಲ್ಲಿ ಲೆಕ್ಕ ಹಾಕಿದೆ. 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಹನಿ ಗಂಟೆಗೆ ಸುಮಾರು ಒಂದೂವರೆ ಮೀಟರ್ ಏರುತ್ತದೆ, ಅಂದರೆ 30 ಸೆಂಟಿಮೀಟರ್ ಎತ್ತರದ ಪಂಪಿನಲ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಮೇಲಕ್ಕೆ ಬಂದುಬಿಡುತ್ತದೆ. 10 ಮೈಕ್ರಾನ್ ಹನಿ ಗಂಟೆಗೆ ಒಂದೂವರೆ ಸೆಂಟಿಮೀಟರ್ ಮಾತ್ರ. ಒಂದು ಪಂಪು ಖಾಲಿಯಾಗುವ ಹೊತ್ತಿಗೆ ಇದು ಸಾಕೋ ಸಾಕು.

ಆದ್ದರಿಂದ ಎಣ್ಣೆಯನ್ನು ಪಂಪು ತುಂಬ ನೀರಿರುವಾಗ ನೇರವಾಗಿ ಸುರಿಯಬೇಡಿ. ಮೊದಲು ಒಂದು ಡಬ್ಬಿಯಲ್ಲಿ ಎಣ್ಣೆ ಮತ್ತು ಎಮಲ್ಸಿಫೈಯರ್ ಎರಡನ್ನೇ ಕೂಡಿಸಿ ಚೆನ್ನಾಗಿ ಕಲಕಿ. ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಗಟ್ಟಿ ಕೆನೆಯ ಹದ ಬಂದು ತೆಳ್ಳಗಾಗುತ್ತದೆ. ನಂತರ ಪಂಪಿಗೆ ಹಾಕಿ. ದಪ್ಪಗಿರುವಾಗ ಕಲಕಿದರೆ ಕೈಯ ಬಲ ಹನಿಗಳನ್ನು ಒಡೆಯುತ್ತದೆ. ತೆಳ್ಳಗಿನ ನೀರಿನಲ್ಲಿ ಎಷ್ಟು ಕಲಕಿದರೂ ಹನಿಗಳು ತಪ್ಪಿಸಿಕೊಂಡು ಸುತ್ತುತ್ತವೆ.

ದೇವದುರ್ಗದಿಂದ:
ಚಳಿಗಾಲದ ಬೆಳಗ್ಗೆ ಬೇವಿನೆಣ್ಣೆ ಗಟ್ಟಿಯಾಗಿರುತ್ತದೆ. ಅದಕ್ಕೆ?

ಶಕ್ತಿನಗರ ಎಂಜಿನಿಯರ್:
ಡಬ್ಬಿಯನ್ನು ಬಿಸಿಲಿಗೆ ಇಡಿ, ಕರಗಿದ ಮೇಲೆ ಬಳಸಿ. ಗಟ್ಟಿ ಎಣ್ಣೆಯಿಂದ ಸಣ್ಣ ಹನಿ ಆಗುವುದಿಲ್ಲ.

ಗಂಗಾವತಿ ಭತ್ತದವರು:
ನಮ್ಮ ತೊಂದರೆ ಬೇರೆ. ಎಣ್ಣೆ ಚೆನ್ನಾಗಿ ಕೂಡಿರುತ್ತದೆ, ಆದರೆ ಭತ್ತದ ಎಲೆಯ ಮೇಲೆ ನಿಲ್ಲುವುದೇ ಇಲ್ಲ. ಮುತ್ತಾಗಿ ಉರುಳಿ ಗದ್ದೆಗೆ ಬೀಳುತ್ತದೆ. ಹತ್ತಿಯವರಿಗೆ ಇದರ ಅನುಭವ ಇಲ್ಲ ಅನಿಸುತ್ತದೆ.

ಬಳ್ಳಾರಿ ರಸಾಯನ ಉಪನ್ಯಾಸಕ:
ಒಳ್ಳೆಯ ಪ್ರಶ್ನೆ. ಇಲ್ಲಿ ಎಣ್ಣೆ–ನೀರಿನ ಗಡಿಯ ಜೊತೆಗೆ ಎಲೆ–ನೀರು, ನೀರು–ಗಾಳಿ ಎಂಬ ಇನ್ನೆರಡು ಗಡಿಗಳು ಬರುತ್ತವೆ. ಭತ್ತದ ಎಲೆಯ ಮೇಲೆ ಮೇಣವೂ ಇದೆ, ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಇವೆ. ಹನಿ ಉಬ್ಬುಗಳ ತುದಿಯಲ್ಲಿ ಕೂತು, ಕೆಳಗೆ ಗಾಳಿ ಸಿಕ್ಕಿಕೊಂಡು, ಎಲೆಯನ್ನು ಮುಟ್ಟಿಯೂ ಮುಟ್ಟದಂತೆ ಇರುತ್ತದೆ. ಶುದ್ಧ ನೀರಿನ ಮೇಲ್ಮೈ ಎಳೆತ 25 ಡಿಗ್ರಿಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಾಮಾನ್ಯ ಸರ್ಫ್ಯಾಕ್ಟೆಂಟ್ ಅದನ್ನು 30ರ ಆಸುಪಾಸಿಗೆ ಇಳಿಸುತ್ತದೆ. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಮೂಲದ ಸ್ಪ್ರೆಡರ್ 20–22ರವರೆಗೂ ಇಳಿಸುತ್ತದೆ. ಆಗ ಹನಿ ಹರಡುತ್ತದೆ.

ಆದರೆ ಇಲ್ಲೂ ಹೆಚ್ಚು ಹಾಕಿದರೆ ಹೆಚ್ಚು ಫಲ ಎಂದು ತಿಳಿಯಬಾರದು. ಗಡಿಯಲ್ಲಿ ಜಾಗ ತುಂಬಿದ ಮೇಲೆ ಹೆಚ್ಚುವರಿ ಅಣುಗಳು ನೀರಿನೊಳಗೆ ಗುಂಪು ಕಟ್ಟುತ್ತವೆ. ಬಾಲಗಳು ಒಳಕ್ಕೆ, ತಲೆಗಳು ಹೊರಕ್ಕೆ. ಇವೇ ಮಿಸೆಲ್‌ಗಳು. ಉದಾಹರಣೆಗೆ ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟೆಂಟ್ ಲೀಟರಿಗೆ ಸುಮಾರು 2.3 ಗ್ರಾಂ ಆದಾಗ ಗುಂಪು ಕಟ್ಟಲು ತೊಡಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಸುರಿದರೂ ಮೇಲ್ಮೈ ಎಳೆತ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಸ್ಪ್ರೆಡರ್ ಮಿತಿ ಮೀರಿದರೆ ಹನಿ ಎಲೆಯ ಮೇಲೆ ಹರಡಿ, ತುದಿಯಿಂದ ಹರಿದು ನೆಲ ಸೇರುತ್ತದೆ. ಚೀಟಿಯ ಮೇಲಿನ ಪ್ರಮಾಣ ಮೀರಬೇಡಿ.

ಗಂಗಾವತಿ ಭತ್ತದವರು:
ಅದೇ ಆಗಿದೆ ನಮ್ಮಲ್ಲಿ. ಹೆಚ್ಚು ಹಾಕಿದವರ ಗದ್ದೆಯಲ್ಲಿ ಎಲೆ ಒಣಗಿ ಕಾಣುತ್ತದೆ, ನೀರಿನ ಮೇಲೆ ಎಣ್ಣೆಯ ಪೊರೆ.

ಬಳ್ಳಾರಿ ಜೀನ್ಸ್ ವಾಷಿಂಗ್:
ನಾನು ರೈತನಲ್ಲ, ಆದರೂ ಮಾತು ನಮ್ಮ ಕೆಲಸಕ್ಕೇ ಬಂದಿತು. ನಮ್ಮಲ್ಲಿ ಜೀನ್ಸ್ ಬಟ್ಟೆಯ ಗಂಜಿ ತೆಗೆಯುವ ಮೊದಲು ವೆಟ್ಟಿಂಗ್ ಏಜೆಂಟ್ ಹಾಕುತ್ತೇವೆ. ಅದಿಲ್ಲದಿದ್ದರೆ ನೀರು ದಾರದೊಳಗೆ ಇಳಿಯುವುದೇ ತಡ. ಆಮೇಲೆ ಬಿಟ್ಟುಬಂದ ನೀಲಿ ಬಣ್ಣ ಬಿಳಿ ದಾರಕ್ಕೆ, ಜೇಬಿನ ಬಟ್ಟೆಗೆ ಮತ್ತೆ ಹತ್ತದಂತೆ ಇನ್ನೊಂದು ರಾಸಾಯನಿಕ ಹಾಕಬೇಕು. ಇಂಡಿಗೋ ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಕಣವಾಗಿ ತೇಲುತ್ತದೆ. ಆ ಕಣಕ್ಕೆ ಹೊದಿಕೆ ಕೊಟ್ಟು ನೀರಿನಲ್ಲೇ ನಿಲ್ಲಿಸಿದರೆ ಬಟ್ಟೆಯ ಬಣ್ಣ ಸ್ವಚ್ಛ. ಗಡಸು ನೀರಿನ ಟ್ಯಾಂಕರ್ ಬಂದ ದಿನ ಎಲ್ಲವೂ ಮಂಕು.

ಸಿರವಾರ ಯುವಕ:
ಆ ನೊರೆಯೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಬಳ್ಳಾರಿ ಜೀನ್ಸ್ ವಾಷಿಂಗ್:
ಶುದ್ಧೀಕರಣ ಮಾಡಿಯೇ ಬಿಡಬೇಕು. ಮಾಡದವರನ್ನು ನಾನು ಸಮರ್ಥಿಸುವುದಿಲ್ಲ. ನಮ್ಮ ಊರಿನ ಚರಂಡಿಯ ಬಣ್ಣ ನೋಡಿ ನನಗೂ ಸಂಕಟವಾಗುತ್ತದೆ.

ಸಂಡೂರು ಗಣಿ ಕಡೆಯಿಂದ:
ನೀವೆಲ್ಲ ಕಣ ತೇಲಬೇಕು ಎನ್ನುತ್ತೀರಿ, ನಮಗೆ ಅದು ಮುಳುಗಬೇಕು. ಅದಿರು ತೊಳೆದ ಕೆಂಪು ನೀರಿನಲ್ಲಿ ನುಣುಪು ಕಣಗಳು ಎಷ್ಟು ಹೊತ್ತಾದರೂ ಕೆಳಗೆ ಕೂರುವುದಿಲ್ಲ. ಹೊಂಡ ಎಷ್ಟು ದೊಡ್ಡದಿದ್ದರೂ ಸಾಲದು. ಉದ್ದ ಸರಪಳಿಯ ಪಾಲಿಮರ್ ಅನ್ನು ಅತ್ಯಂತ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಒಂದೇ ಸರಪಳಿ ಹಲವು ಕಣಗಳನ್ನು ಹಿಡಿದು ಕಟ್ಟುತ್ತದೆ, ಗೊಂಚಲಾಗಿ ಕೆಳಗಿಳಿಯುತ್ತದೆ. ವಿಚಿತ್ರವೆಂದರೆ ಅದೇ ಪಾಲಿಮರ್ ಹೆಚ್ಚಾದರೆ ಪ್ರತಿ ಕಣವೂ ಪೂರ್ತಿ ಮುಚ್ಚಿಹೋಗಿ ಮತ್ತೆ ತೇಲತೊಡಗುತ್ತದೆ. ಹೊಸ ಹುಡುಗರು ಕೈ ಬಿಗಿಹಿಡಿಯದೆ ಸುರಿದಾಗ ಇದನ್ನು ಕಂಡಿದ್ದೇನೆ.

ಲಿಂಗಸುಗೂರು ವಿಜ್ಞಾನ ಶಿಕ್ಷಕಿ:
ಮಳೆಗಾಲದಲ್ಲಿ ಹೊಳೆಯ ಕೆಂಪು ನೀರಿಗೆ ಪಟಿಕ ಹಾಕುವುದೂ ಇದೇ ತತ್ತ್ವ. ಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ, ಪಟಿಕದ ಅಲ್ಯೂಮಿನಿಯಂ ಅಯಾನಿಗೆ ಮೂರು ಧನ ವಿದ್ಯುದಂಶ. ವಿದ್ಯುದಂಶ ಒಂದರಿಂದ ಎರಡು, ಎರಡರಿಂದ ಮೂರಕ್ಕೆ ಏರಿದಂತೆ ಕಲಿಲವನ್ನು (ನುಣುಪು ಕಣಗಳು ತೇಲುತ್ತಿರುವ ದ್ರವವನ್ನು) ಒಡೆಯುವ ಶಕ್ತಿ ಬಹಳ ಕಡಿದಾಗಿ ಏರುತ್ತದೆ. ಷುಲ್ಜ್–ಹಾರ್ಡಿ ನಿಯಮ ಎಂದು ಇದರ ಹೆಸರು. ಮಾನ್ವಿ ಅಣ್ಣನ ಕ್ಯಾಲ್ಸಿಯಂ ಎರಡು ವಿದ್ಯುದಂಶದ್ದು, ಉಪ್ಪಿನ ಸೋಡಿಯಂಗಿಂತ ಹಲವು ಪಟ್ಟು ಹಾನಿ ಮಾಡುತ್ತದೆ. ಇದನ್ನು ವಿದ್ಯುತ್ ವಿಕರ್ಷಣೆ ಮತ್ತು ಅಣುಗಳ ಆಕರ್ಷಣೆ ಎರಡರ ಜಗ್ಗಾಟವಾಗಿ ಲೆಕ್ಕ ಹಾಕಿ ತೋರಿಸಿದವರು 1941ರಲ್ಲಿ ಡೆರ್ಯಾಗಿನ್, ಲ್ಯಾಂಡೌ. 1948ರಲ್ಲಿ ವೆರ್ವೆ, ಓವರ್‌ಬೀಕ್.

ನನ್ನ ವಿದ್ಯಾರ್ಥಿನಿಯರಿಗೆ ಇದೆಲ್ಲಕ್ಕಿಂತ ಮೊದಲು ಆಗ್ನೆಸ್ ಪೋಕೆಲ್ಸ್ ಅವರ ವಿಷಯ ಹೇಳುತ್ತೇನೆ. ಜರ್ಮನಿಯಲ್ಲಿ ಅವರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಂದೆತಾಯಿಯ ಆರೈಕೆ, ಮನೆಗೆಲಸ ಮಾಡುತ್ತಲೇ ಅಡುಗೆಮನೆಯಲ್ಲಿ ತಗಡಿನ ತೊಟ್ಟಿ ಇಟ್ಟುಕೊಂಡು, ಜಿಡ್ಡು ಬಿದ್ದ ನೀರಿನ ಮೇಲ್ಮೈ ಎಳೆತ ಅಳೆದರು. 1891ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀಗೆ ಪತ್ರ ಬರೆದರು, ಅವರು ಅದನ್ನು ನೇಚರ್ ಪತ್ರಿಕೆಗೆ ಕಳುಹಿಸಿ ಪ್ರಕಟಿಸಿದರು. ಮುಂದೆ ಲ್ಯಾಂಗ್‌ಮ್ಯೂರ್ ಅದೇ ಬಗೆಯ ತೊಟ್ಟಿಯನ್ನು ಬೆಳೆಸಿದರು, 1932ರಲ್ಲಿ ಮೇಲ್ಮೈ ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದರು. ಪಾತ್ರೆ ತೊಳೆಯುವ ನೀರು ನೋಡದ ಹುಡುಗಿ ನಮ್ಮ ತಾಲ್ಲೂಕಿನಲ್ಲಿ ಯಾರಿದ್ದಾರೆ? ಪ್ರಶ್ನೆ ಕೇಳುವ ಧೈರ್ಯ ಕೊಡಬೇಕಷ್ಟೆ.

ಕೊಪ್ಪಳದ ಶುಶ್ರೂಷಕಿ:
ಮೇಡಂ, ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಶ್ವಾಸನಾಳದ ಮೂಲಕ ಕೊಡುವ ಔಷಧಿಯ ಹೆಸರೂ ಸರ್ಫ್ಯಾಕ್ಟೆಂಟ್ ಎಂದೇ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಬಳ್ಳಾರಿ ರಸಾಯನ ಉಪನ್ಯಾಸಕ:
ನೇರ ಸಂಬಂಧ ಇದೆ ತಾಯಿ. ಶ್ವಾಸಕೋಶದ ಗಾಳಿಗೂಡುಗಳ ಒಳಗೆ ನೀರಿನ ತೆಳು ಪದರ ಇರುತ್ತದೆ. ಅದರ ಎಳೆತ ಗೂಡನ್ನು ಮುಚ್ಚಿಸಲು ನೋಡುತ್ತದೆ, ಗೂಡು ಚಿಕ್ಕದಾದಷ್ಟೂ ಒತ್ತಡ ಹೆಚ್ಚು. ದೇಹವೇ ತಯಾರಿಸುವ ಕೊಬ್ಬಿನ ಅಣುಗಳು ಆ ಗಡಿಯಲ್ಲಿ ನಿಂತು ಎಳೆತವನ್ನು ಇಳಿಸುತ್ತವೆ. ಬೇಗ ಹುಟ್ಟಿದ ಕೂಸಿನಲ್ಲಿ ಅವು ಇನ್ನೂ ಸಾಕಷ್ಟು ಆಗಿರುವುದಿಲ್ಲ. 1959ರಲ್ಲಿ ಮೇರಿ ಎಲೆನ್ ಆವರಿ ಮತ್ತು ಮೀಡ್ ಈ ಕೊರತೆಯನ್ನು ತೋರಿಸಿದರು, 1980ರಲ್ಲಿ ಜಪಾನಿನ ಫುಜಿವಾರಾ ಹೊರಗಿನಿಂದ ಕೊಟ್ಟು ಫಲ ಕಂಡ ವರದಿ ಪ್ರಕಟಿಸಿದರು.

ಕೊಪ್ಪಳದ ಶುಶ್ರೂಷಕಿ:
ಧನ್ಯವಾದ ಸರ್. ಕೊಟ್ಟ ಮೇಲೆ ಕೂಸಿನ ಉಸಿರು ಸರಾಗವಾಗುವುದನ್ನು ಕಣ್ಣಾರೆ ಕಂಡಿದ್ದೇನೆ, ಏಕೆ ಎಂಬುದು ಈಗ ಮನಸ್ಸಿಗೆ ಬಂದಿತು.

ಸಿಂಧನೂರು ಗೊಬ್ಬರದಂಗಡಿ:
ಮತ್ತೆ ಪಂಪಿಗೆ ಬರೋಣ. ಕೂಲಿ ಉಳಿಯಲಿ ಎಂದು ರೈತರು ಬೇವಿನೆಣ್ಣೆಯ ಜೊತೆಗೇ ಸತುವಿನ ಸಲ್ಫೇಟ್, ನೀರಿನಲ್ಲಿ ಕರಗುವ ಗೊಬ್ಬರ ಎಲ್ಲ ಬೆರೆಸಿಬಿಡುತ್ತಾರೆ. ನಾವು ಬೇಡವೆಂದರೂ ಕೇಳುವುದಿಲ್ಲ.

ರಾಯಚೂರು ಕೃಷಿ ವಿದ್ಯಾರ್ಥಿ:
ನೀವು ಬೇಡವೆನ್ನುವುದೇ ಸರಿ. ಸತುವೂ ಎರಡು ವಿದ್ಯುದಂಶದ ಲೋಹ, ಕ್ಯಾಲ್ಸಿಯಂ ಮಾಡುವುದನ್ನೇ ಮಾಡುತ್ತದೆ. ಸೋಪು ಹಾಕಿದ ಎಣ್ಣೆಯ ಜೊತೆ ಅದು ಬೇಡವೇ ಬೇಡ. ಬೇರೆ ದಿನ ಬೇರೆಯಾಗಿ ಸಿಂಪಡಿಸಿ.

ಸಿಂಧನೂರು ಗೊಬ್ಬರದಂಗಡಿ:
ಕೂಲಿ ಕೊಡುವವರು ನೀವಲ್ಲವಲ್ಲ ತಮ್ಮ.

ರಾಯಚೂರು ಕೃಷಿ ವಿದ್ಯಾರ್ಥಿ:
ನಮ್ಮ ತಂದೆಯವರೂ ಹತ್ತಿ ಬೆಳೆಯುತ್ತಾರೆ, ಕೂಲಿಯ ಭಾರ ನನಗೂ ಗೊತ್ತು. ಒಡೆದ ಎಣ್ಣೆ ಸಿಂಪಡಿಸಿದರೆ ಕೂಲಿಯೂ ಹೋಯಿತು, ಎಣ್ಣೆಯೂ ಹೋಯಿತು, ಎಲೆಯೂ ಸುಟ್ಟಿತು. ಬೆರೆಸಲೇಬೇಕಾದರೆ ಮೊದಲು ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ, ನಿಮ್ಮದೇ ನೀರಿನಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಿ. ಕೀಟನಾಶಕ ತಯಾರಕರೂ ಎಮಲ್ಷನ್ (ಎಣ್ಣೆ–ನೀರು ಕೂಡಿದ ಮಿಶ್ರಣ) ಪರೀಕ್ಷೆಯನ್ನು ಶುದ್ಧ ನೀರಿನಲ್ಲಿ ಮಾಡುವುದಿಲ್ಲ, ಲೀಟರಿಗೆ 342 ಮಿಲಿಗ್ರಾಂ ಗಡಸುತನದ ನೀರನ್ನು ಬೇಕೆಂದೇ ತಯಾರಿಸಿ ಅದರಲ್ಲಿ ಮಾಡುತ್ತಾರೆ. ನಿಮ್ಮ ಕೊಳವೆಬಾವಿ ಅದಕ್ಕಿಂತ ಗಡಸಾಗಿದ್ದರೆ ಅಂಗಡಿಯ ಎಣ್ಣೆಯೂ ಒಡೆಯಬಹುದು.

ಮಾನ್ವಿ ಕೊನೆಭಾಗದ ರೈತ:
ಬಾಟಲಿ ಪರೀಕ್ಷೆ ಮಾಡಿದೆ. ಒಂದರಲ್ಲಿ ಕೊಳವೆಬಾವಿ ನೀರು ಮತ್ತು ಸೋಪು, ಒಂದರಲ್ಲಿ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು ಮತ್ತು ಸೋಪು, ಇನ್ನೊಂದರಲ್ಲಿ ಕೊಳವೆಬಾವಿ ನೀರು ಮತ್ತು ಕುಷ್ಟಗಿ ಅಕ್ಕ ಹೇಳಿದ ಅಂಟುವಾಳ. ಮೂರಕ್ಕೂ ಎಂಜಿನಿಯರ್ ಸಾಹೇಬರು ಹೇಳಿದ ಕ್ರಮದಲ್ಲೇ ಎಣ್ಣೆ ಬೆರೆಸಿದೆ. ಮೊದಲನೆಯದು ಕಣ್ಣೆದುರಿಗೇ ಚೂರು ಕಟ್ಟಿತು. ಮಳೆನೀರಿನದು ಬೆಳ್ಳಗೆ ಹಾಗೆಯೇ ನಿಂತಿತು. ಅಂಟುವಾಳದ್ದು ಮೇಲೆ ತೆಳ್ಳಗೆ ಕೆನೆ ಕಟ್ಟಿತು, ಅಲ್ಲಾಡಿಸಿದರೆ ಮತ್ತೆ ಕೂಡಿತು, ಎಣ್ಣೆ ಬೇರೆಯಾಗಲಿಲ್ಲ.

ಬಳ್ಳಾರಿ ರಸಾಯನ ಉಪನ್ಯಾಸಕ:
ಬಹಳ ಸಂತೋಷ. ಮೇಲೆ ಕೆನೆ ಕಟ್ಟುವುದಕ್ಕೂ ಎಣ್ಣೆ ಒಡೆಯುವುದಕ್ಕೂ ವ್ಯತ್ಯಾಸವಿದೆ. ಕೆನೆಯಲ್ಲಿ ಹನಿಗಳು ಹತ್ತಿರ ಬಂದಿರುತ್ತವೆ, ಒಂದಾಗಿರುವುದಿಲ್ಲ. ಸಿಂಪಡಿಸುವಾಗ ಪಂಪನ್ನು ಆಗಾಗ ಅಲ್ಲಾಡಿಸಿದರೆ ಸಾಕು. ಬೆರೆಸಿದ್ದನ್ನು ಮರುದಿನಕ್ಕೆ ಮಾತ್ರ ಇಡಬೇಡಿ.

ದೇವದುರ್ಗದಿಂದ:
ಅಕ್ಕ, ಪಂಪಿಗೆ ಅಂಟುವಾಳ ಎಷ್ಟು ಕಾಯಿ?

ಕುಷ್ಟಗಿ ಅಕ್ಕ:
ಕಾಯಿ ಒಂದೊಂದು ಒಂದೊಂದು ಗಾತ್ರ ತಮ್ಮ, ಎಣಿಕೆ ಹೇಳಿದರೆ ತಪ್ಪಾಗುತ್ತದೆ. ಮೊದಲು ಬಾಟಲಿಯಲ್ಲಿ ಸ್ವಲ್ಪದಿಂದ ಶುರು ಮಾಡಿ, ಎಣ್ಣೆ ಕೂಡುವವರೆಗೆ ಮಾತ್ರ ಹಾಕಿ. ನಂತರ ನಾಲ್ಕು ಗಿಡಕ್ಕೆ ಸಂಜೆ ಸಿಂಪಡಿಸಿ, ಎಲೆ ಹೇಗಿದೆ ನೋಡಿಕೊಂಡು ಹೊಲಕ್ಕೆ ಇಳಿಯಿರಿ. ದಪ್ಪ ಬಟ್ಟೆಯಲ್ಲಿ ಸೋಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸಿಪ್ಪೆಯ ಚೂರು ನಾಜಲ್‌ಗೆ ಸಿಕ್ಕುತ್ತದೆ.